ಆಕಾಶದ ಜಗಲಿ, ಸಮುದ್ರದ ಕಚೇರಿ

ಕೆಲವು ವರ್ಷಗಳ ಹಿಂದೆ ಶಿರಸಿ ಕಡೆಯಿಂದ ನಮ್ಮ ಸೋದರಮಾವ ಮುಂಬೈಗೆ ಬಂದಿದ್ದರು. ಕಣ್ಣಿನ ಪರೀಕ್ಷೆ ಒಂದು ನೆಪ. ಅಡಿಕೆ ಕೊಯ್ಲು ಮುಗಿದಿತ್ತು, ಮುಂಬೈ ನೋಡುವ ಆಸೆ ಬಹಳ ವರ್ಷದಿಂದ ಇತ್ತು. ಮಹಾಲಕ್ಷ್ಮಿ ದೇವಸ್ಥಾನದಲ್ಲಿ ಕೈಮುಗಿದು, ಟ್ಯಾಕ್ಸಿ ಹಿಡಿದು, ಪೆಡ್ಡರ್ ರಸ್ತೆಯ ಮೇಲೆ ಮರೀನ್ ಡ್ರೈವ್ ಕಡೆ ಹೊರಟೆವು. ದಾರಿಯಲ್ಲಿ ಮಾವ ಕಿಟಕಿಯಿಂದ ತಲೆ ಹೊರಗೆ ಹಾಕಿ ಮೇಲೆ ನೋಡಿದರು. ಎತ್ತರದ ಬಿಳಿಯ ಕಟ್ಟಡವೊಂದರ ಮೂಲೆಗಳನ್ನು ಯಾರೋ ಅಲ್ಲಲ್ಲಿ ಕತ್ತರಿಸಿ ತೆಗೆದಂತಿತ್ತು.

"ಅಲ್ಲ ಮಾರಾಯ, ಅಷ್ಟೆತ್ತರದಲ್ಲಿ ಜಗಲಿ ಇಟ್ಟಿದಾರಲ್ಲ, ಮಳೆಗಾಲದಲ್ಲಿ ಇರಚಲು ಬರಲ್ವಾ?" ಎಂದರು.

ಅರ್ಧ ಗಂಟೆಯ ನಂತರ ನರಿಮನ್ ಪಾಯಿಂಟಿನಲ್ಲಿ ಸಮುದ್ರದ ಕಟ್ಟೆಯ ಮೇಲೆ ಕೂತಿದ್ದೆವು. ನನ್ನ ಮೊದಲ ನೌಕರಿ ಅಲ್ಲೇ ಹತ್ತಿರದಲ್ಲಿತ್ತಾದ್ದರಿಂದ ಹೆಮ್ಮೆಯಿಂದ ಒಂದೊಂದೇ ಕಟ್ಟಡದ ಹೆಸರು ಹೇಳುತ್ತಿದ್ದೆ. ಏರ್ ಇಂಡಿಯಾ ಕಟ್ಟಡವನ್ನು ಮಾವ ಬುಡದಿಂದ ತುದಿಯವರೆಗೆ ನೋಡಿ, "ಇದರ ಕಿಟಕಿ ತೆಗೆಯೋಕೆ ಬರ್ತದಾ?" ಎಂದು ಕೇಳಿದರು.

"ಒಳಗೆ ಎ.ಸಿ. ಇರ್ತದೆ ಮಾವ, ತೆಗೆಯೋ ಪ್ರಸಂಗ ಬರೋದಿಲ್ಲ" ಎಂದೆ.

"ಎದುರಿಗೆ ಇಷ್ಟು ಗಾಳಿ ಇಟ್ಕೊಂಡು?" ಎಂದು ಅವರು ಸುಮ್ಮನಾದರು.

ಮನೆ ಕಟ್ಟಿಸಿದ ಅನುಭವ ಇರುವವರು ಕೇಳುವ ಎರಡು ಸಾದಾ ಪ್ರಶ್ನೆಗಳು. ಈ ಎರಡು ಕಟ್ಟಡಗಳ ಚರಿತ್ರೆಯನ್ನು ಓದುತ್ತ ಹೋದಂತೆ ಅವು ಅಷ್ಟು ಸಾದಾ ಅಲ್ಲ ಎಂದು ನನಗೆ ತಿಳಿಯಿತು. ಮೂರನೆಯ ಪ್ರಶ್ನೆಯೊಂದು ಅವುಗಳ ಹಿಂದೆ ಇದೆ ಎಂಬುದೂ ತಿಳಿಯಿತು. ಈ ಬರಹ ಅದರ ಬಗ್ಗೆ.

ಒಂದೇ ದಶಕದ ಎರಡು ಕೂಸು

ಮಾವ ಮೊದಲು ನೋಡಿದ್ದು ಕಂಬಾಲಾ ಹಿಲ್‌ನ ಕಾಂಚನಜುಂಗಾ ಅಪಾರ್ಟ್‌ಮೆಂಟ್ಸ್. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಕೆಲಸ ಶುರುವಾದದ್ದು 1970ರಲ್ಲಿ, ಮುಗಿದದ್ದು 1983ರಲ್ಲಿ. 28 ಮಹಡಿ, 84 ಮೀಟರ್ ಎತ್ತರ, 32 ಮನೆಗಳು. ಎರಡನೆಯದು ಏರ್ ಇಂಡಿಯಾ ಕಟ್ಟಡ. ವಾಸ್ತುಶಿಲ್ಪಿ ನ್ಯೂಯಾರ್ಕಿನ ಜಾನ್ಸನ್–ಬರ್ಗೀ ಸಂಸ್ಥೆಯ ಜಾನ್ ಬರ್ಗೀ. 1974ರಲ್ಲಿ ಪೂರ್ಣಗೊಂಡಿತು. 23 ಮಹಡಿ.

ಒಂದು ಮನೆಗಳ ಕಟ್ಟಡ, ಇನ್ನೊಂದು ಕಚೇರಿ. ಹೋಲಿಸುವುದು ಸರಿಯೇ ಎಂದು ಕೇಳಬಹುದು. ಆದರೆ ಹೋಲಿಕೆಗೆ ಬೇಕಾದಷ್ಟು ಸಮಾನ ಅಂಶಗಳಿವೆ. ಎರಡೂ ದ್ವೀಪದ ಪಶ್ಚಿಮ ದಂಡೆಯಲ್ಲಿವೆ, ಎರಡಕ್ಕೂ ಅರಬ್ಬೀ ಸಮುದ್ರ ಕಾಣುತ್ತದೆ. ಎರಡನ್ನೂ ಕಟ್ಟಿದ್ದು ಕಾಂಕ್ರೀಟಿನಲ್ಲಿ. ಗೋಪುರ, ಕಮಾನು, ಕೆತ್ತನೆಗಳ ಹಂಗಿಲ್ಲದೆ, ಉಪಯೋಗ ಮತ್ತು ರಚನೆಯಿಂದಲೇ ಕಟ್ಟಡಕ್ಕೆ ರೂಪ ಬರಬೇಕು ಎಂಬ ಆಧುನಿಕ ವಾಸ್ತುಶಿಲ್ಪದ ಶ್ರದ್ಧೆ ಎರಡರಲ್ಲೂ ಇದೆ. ಬೊಂಬಾಯಿ ಮೇಲೆ ಮೇಲೆ ಬೆಳೆಯಲೇಬೇಕೆಂದು ತೀರ್ಮಾನಿಸಿದ ದಶಕದಲ್ಲಿ ಎರಡೂ ಹುಟ್ಟಿದವು. 1961ರ ಜನಗಣತಿಯಲ್ಲಿ ಬೃಹನ್ಮುಂಬಯಿಯ ಜನಸಂಖ್ಯೆ ಸುಮಾರು 41 ಲಕ್ಷ. 1971ರ ಹೊತ್ತಿಗೆ ಅದು 60 ಲಕ್ಷದ ಹತ್ತಿರ ಬಂದಿತ್ತು. ಹೀಗೆ ಬಂದು ಸೇರಿದವರಲ್ಲಿ ನಮ್ಮ ಕರಾವಳಿಯ, ಉತ್ತರ ಕರ್ನಾಟಕದ ಸಾವಿರಾರು ಜನರೂ ಇದ್ದರು.

ಇಷ್ಟು ಸಾಮ್ಯ ಇದ್ದೂ ಈ ಎರಡು ಕಟ್ಟಡಗಳು ಒಂದಕ್ಕೊಂದು ಬೆನ್ನು ಹಾಕಿ ನಿಂತಂತಿವೆ.

ನರಿಮನ್ ಬೇಡವೆಂದ ಜಾಗಕ್ಕೆ ನರಿಮನ್ ಹೆಸರು

ಏರ್ ಇಂಡಿಯಾ ಕಟ್ಟಡದ ಕಥೆ ಅದರ ಅಡಿಯ ನೆಲದಿಂದಲೇ ಶುರುವಾಗಬೇಕು. ಏಕೆಂದರೆ ಅಲ್ಲಿ ನೆಲವೇ ಇರಲಿಲ್ಲ. ಕಡಲಿಗೆ ಮಣ್ಣು, ಕಲ್ಲು ತುಂಬಿ ನೆಲ ಮಾಡುವುದು ಮುಂಬೈಗೆ ಹೊಸದಲ್ಲ. ಏಳು ದ್ವೀಪಗಳು ಸೇರಿ ಒಂದು ನಗರವಾದದ್ದೇ ಹಾಗೆ. 1920ರ ದಶಕದಲ್ಲಿ ಗವರ್ನರ್ ಜಾರ್ಜ್ ಲಾಯ್ಡ್ ಕಾಲದಲ್ಲಿ ಬ್ಯಾಕ್ ಬೇ ಕೊಲ್ಲಿಯನ್ನು ತುಂಬುವ ದೊಡ್ಡ ಯೋಜನೆ ಆರಂಭವಾಯಿತು. ಖರ್ಚು ಕೈಮೀರಿತು, ಕೆಲಸ ಕುಂಟಿತು. ಜನ ಅದನ್ನು ಲಾಯ್ಡ್‌ನ ಹುಚ್ಚುತನ ಎಂದೇ ಕರೆದರು.

ಈ ಯೋಜನೆಯ ಅವ್ಯವಹಾರಗಳ ವಿರುದ್ಧ ಬಹಿರಂಗವಾಗಿ ದನಿ ಎತ್ತಿದವರು ಖುರ್ಶೀದ್ ಫ್ರಾಮ್‌ಜಿ ನರಿಮನ್ ಎಂಬ ಪಾರ್ಸಿ ವಕೀಲರು, ಕಾಂಗ್ರೆಸ್ಸಿಗರು. ಯೋಜನೆಯ ಎಂಜಿನಿಯರ್ ಹಾರ್ವೆ ಅವರ ಮೇಲೆ ಮಾನನಷ್ಟ ಮೊಕದ್ದಮೆ ಹೂಡಿದರು. ನರಿಮನ್ ಗೆದ್ದರು. ಕೆಲವು ದಶಕಗಳ ನಂತರ ಅದೇ ಕೊಲ್ಲಿಯನ್ನು ಮತ್ತೆ ತುಂಬಿ, ಹೊಸದಾಗಿ ಸೃಷ್ಟಿಸಿದ ತುದಿಗೆ ನರಿಮನ್ ಪಾಯಿಂಟ್ ಎಂದು ಹೆಸರಿಟ್ಟರು. ಯಾವುದನ್ನು ವಿರೋಧಿಸಿ ಹೆಸರು ಮಾಡಿದರೋ ಅದಕ್ಕೇ ಅವರ ಹೆಸರು! ನಗರಗಳಿಗೆ ಇಂಥ ಮರೆವು ಸಹಜವೇನೋ.

1970ರ ದಶಕದ ಆರಂಭದಲ್ಲಿ ಈ ಹೊಸ ನೆಲದ ಮೇಲೆ ಎಕ್ಸ್‌ಪ್ರೆಸ್ ಟವರ್ಸ್, ಒಬೆರಾಯ್ ಹೋಟೆಲು, ಏರ್ ಇಂಡಿಯಾ ಕಟ್ಟಡ ಒಂದರ ಪಕ್ಕ ಒಂದು ಎದ್ದವು. ಮರೀನ್ ಡ್ರೈವಿನ ಉದ್ದಕ್ಕೂ ಇದ್ದದ್ದು 1930–40ರ ದಶಕಗಳ ಐದಾರು ಮಹಡಿಯ ಆರ್ಟ್ ಡೆಕೊ ಮನೆಗಳು. ಆ ತಗ್ಗಿನ ಸಾಲಿನ ಕೊನೆಯಲ್ಲಿ ಇಪ್ಪತ್ತು ದಾಟಿದ ಮಹಡಿಗಳು ಎದ್ದು ನಿಂತಾಗ ದ್ವೀಪದ ದಕ್ಷಿಣ ತುದಿಯ ನೋಟವೇ ಬದಲಾಯಿತು. ಇವತ್ತು ಹಿಂದಿ ಸಿನಿಮಾದಲ್ಲಿ ಮುಂಬೈ ಎಂದು ತೋರಿಸಲು ಕ್ಯಾಮೆರಾ ತಿರುಗುವುದು ಆ ನೋಟದ ಕಡೆಗೇ.

ನ್ಯೂಯಾರ್ಕಿನಿಂದ ಬಂದ ನಕ್ಷೆ

ಏರ್ ಇಂಡಿಯಾ ಆಗ ದೇಶದ ಠೀವಿ. 1953ರಲ್ಲಿ ರಾಷ್ಟ್ರೀಕರಣವಾದರೂ ಜೆ.ಆರ್.ಡಿ. ಟಾಟಾ ಅವರೇ 1978ರವರೆಗೆ ಅಧ್ಯಕ್ಷರಾಗಿದ್ದರು. 1971ರಲ್ಲಿ ಮೊದಲ ಜಂಬೋ ಜೆಟ್ ಬಂದಿತ್ತು, ಅದಕ್ಕೆ ಚಕ್ರವರ್ತಿ ಅಶೋಕನ ಹೆಸರು ಇಟ್ಟಿದ್ದರು. ಇಂಥ ಸಂಸ್ಥೆ ತನ್ನ ಮುಖ್ಯ ಕಚೇರಿಗೆ ವಾಸ್ತುಶಿಲ್ಪಿಯನ್ನು ಹುಡುಕಿದಾಗ ಜಗತ್ತಿನ ದೊಡ್ಡ ನಗರಗಳ ಭಾಷೆಯಲ್ಲೇ ಮಾತಾಡಬಯಸಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಭಾಷೆಗೆ ಇಂಟರ್‌ನ್ಯಾಷನಲ್ ಸ್ಟೈಲ್ ಎಂಬ ಹೆಸರು ಚಾಲ್ತಿಗೆ ಬಂದದ್ದು ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ 1932ರಲ್ಲಿ ನಡೆದ ಪ್ರದರ್ಶನದ ಸಂದರ್ಭದಲ್ಲಿ. ಅದನ್ನು ರೂಪಿಸಿದವರಲ್ಲಿ ಒಬ್ಬರು ಫಿಲಿಪ್ ಜಾನ್ಸನ್. ಏರ್ ಇಂಡಿಯಾ ಕಟ್ಟಡವನ್ನು ವಿನ್ಯಾಸ ಮಾಡಿದ ಸಂಸ್ಥೆಯ ಹೆಸರಿನ ಮೊದಲರ್ಧ ಅವರದೇ.

ಆ ಶೈಲಿಯ ಮೂಲ ಮಂತ್ರ ಸರಳ. ಒಂದೇ ಅಳತೆಯ ಮಹಡಿಯನ್ನು ಒಂದರ ಮೇಲೊಂದು ಪೇರಿಸು. ಹೊರಮೈಯನ್ನು ಒಂದೇ ಲಯದಲ್ಲಿ ಇಡು. ಒಳಗಿನ ಹವೆಯನ್ನು ಯಂತ್ರಕ್ಕೆ ಬಿಡು. ಹೀಗೆ ಮಾಡಿದರೆ ಒಂದೇ ನಕ್ಷೆ ಷಿಕಾಗೋದ ಹಿಮಕ್ಕೂ ಸರಿ, ಬೊಂಬಾಯಿಯ ಬೆವರಿಗೂ ಸರಿ. ಏರ್ ಇಂಡಿಯಾ ಕಟ್ಟಡದ ಪ್ರತಿ ಮಹಡಿಯಲ್ಲಿ ಸುಮಾರು 10,800 ಚದರಡಿ ಜಾಗವಿದೆ. ನೆತ್ತಿಯ ಮೇಲೆ ಅರ್ಧ ಕುದುರೆ, ಅರ್ಧ ಮನುಷ್ಯನಾಗಿ ಬಾಣ ಹೂಡಿದ ಲಾಂಛನ. ರಾತ್ರಿ ದೀಪ ಹೊತ್ತಿಸಿದಾಗ ಮಲಬಾರ್ ಹಿಲ್‌ನಿಂದಲೂ ಅದು ಕಾಣುತ್ತಿತ್ತು.

ಇದನ್ನು ಬರೇ ಅನುಕರಣೆ ಎಂದು ತಳ್ಳಿಹಾಕುವುದು ಅನ್ಯಾಯ. ನನ್ನಂಥ ಎಷ್ಟೋ ಜನರಿಗೆ ಅದು ಭರವಸೆಯ ಕಟ್ಟಡವಾಗಿತ್ತು. ಇಂದು ಲಕ್ಷಾಂತರ ಕನ್ನಡಿಗರಿಗೆ ಅನ್ನ ಕೊಡುತ್ತಿರುವ ಸಾಫ್ಟ್‌ವೇರ್ ಉದ್ಯಮದ ಹಿರಿಯಣ್ಣ ಟಾಟಾ ಕನ್ಸಲ್ಟೆನ್ಸಿ ಸರ್ವೀಸಸ್ ಹಲವು ವರ್ಷ ಕಚೇರಿ ಇಟ್ಟುಕೊಂಡಿದ್ದು ಇದೇ ಕಟ್ಟಡದಲ್ಲಿ. ಊರಿನಿಂದ ಬಂದವನು ಚರ್ಚ್‌ಗೇಟ್ ಸ್ಟೇಷನ್ನಿನಲ್ಲಿ ಇಳಿದು ಇತ್ತ ನಡೆದು, ಒಗೆದು ಇಸ್ತ್ರಿ ಮಾಡಿದ ಅಂಗಿಯಲ್ಲಿ ಲಿಫ್ಟ್ ಹತ್ತಿದರೆ, ಆಯಿತು, ದೊಡ್ಡ ಊರು ಅವನನ್ನು ಒಳಗೆ ಬಿಟ್ಟುಕೊಂಡಿತು.

ಆದರೂ ಮಾವನ ಪ್ರಶ್ನೆ ಉಳಿಯುತ್ತದೆ. ಎದುರಿಗೆ ಇಡೀ ಅರಬ್ಬೀ ಸಮುದ್ರ. ವರ್ಷದ ಬಹುಪಾಲು ದಿನ ಅಲ್ಲಿಂದ ಗಾಳಿ ಬರುತ್ತದೆ. ಆ ಗಾಳಿಯ ಜತೆ ಈ ಕಟ್ಟಡಕ್ಕೆ ಮಾತೇ ಇಲ್ಲ. ಸಮುದ್ರವನ್ನು ನೋಡುತ್ತದೆ, ಉಸಿರಾಡುವುದಿಲ್ಲ.

ಇರಚಲು ಬರಲಿ, ಜಗಲಿಗೆ

ಕೊರಿಯಾ ಅವರ ಮುಂದಿದ್ದ ಸಮಸ್ಯೆಯನ್ನು ನಮ್ಮ ಮಲೆನಾಡಿನ, ಕರಾವಳಿಯ ಓದುಗರಿಗೆ ವಿವರಿಸುವುದು ಸುಲಭ. ಮುಂಬೈಯಲ್ಲಿ ತಂಪು ಗಾಳಿ ಬರುವುದು ಪಶ್ಚಿಮದಿಂದ. ಒಳ್ಳೆಯ ನೋಟ ಇರುವುದೂ ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಬಂದರು. ಹಾಗಾಗಿ ಮನೆ ಪೂರ್ವ–ಪಶ್ಚಿಮವಾಗಿ ತೆರೆದುಕೊಳ್ಳಬೇಕು. ಆದರೆ ಬೆಳಗಿನ ಮತ್ತು ಸಂಜೆಯ ಬಿಸಿಲೂ ಅವೇ ದಿಕ್ಕುಗಳಿಂದ ಬರುತ್ತದೆ. ಮಧ್ಯಾಹ್ನದ ಬಿಸಿಲು ನೆತ್ತಿಯಿಂದ ಬೀಳುವಂಥದು, ಕಿಟಕಿಯ ಮೇಲೆ ಒಂದೆರಡು ಅಡಿಯ ಸಜ್ಜಾ ಇದ್ದರೆ ತಡೆದೀತು. ಸಂಜೆ ನಾಲ್ಕರ ಬಿಸಿಲು ಓರೆಯಾಗಿ ನೇರ ಕೋಣೆಯ ಒಳಗೇ ನುಗ್ಗುತ್ತದೆ. ಅದಕ್ಕೆ ಸಜ್ಜಾ ಸಾಲದು. ಇನ್ನು ಮಳೆ. ಮುಂಬೈಗೆ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ, ಹೆಚ್ಚುಕಮ್ಮಿ ಪೂರಾ ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಅದೂ ಪಶ್ಚಿಮದ ಗಾಳಿಗೆ ಅಡ್ಡಡ್ಡ ಹೊಡೆಯುವ ಮಳೆ. ಯಾವ ಬಾಗಿಲಿನಿಂದ ಗಾಳಿ ಬೇಕೋ ಅದೇ ಬಾಗಿಲಿನಿಂದ ಬಿಸಿಲು, ಮಳೆ ಎರಡೂ ಬರುತ್ತವೆ.

ಬೊಂಬಾಯಿಯ ಹಳೆಯ ಬಂಗಲೆಗಳು ಇದಕ್ಕೆ ಪರಿಹಾರ ಕಂಡುಕೊಂಡಿದ್ದವು. ವಾಸದ ಕೋಣೆಗಳ ಸುತ್ತ ವರಾಂಡದ ಒಂದು ಸುತ್ತು. ನಮ್ಮ ಊರಿನ ಮನೆಗಳಲ್ಲೂ ಇದೇ ತಾನೆ? ಜಗಲಿ ಎಂದರೆ ಒಳಗೂ ಅಲ್ಲದ ಹೊರಗೂ ಅಲ್ಲದ ಜಾಗ. ಮಳೆಗಾಲ ಬಂತೆಂದರೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಆದರೂ ಜೋರು ಗಾಳಿಗೆ ಜಗಲಿಯ ಅಂಚು ಒದ್ದೆಯಾಗುತ್ತದೆ, ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಜಗಲಿ ಒದ್ದೆಯಾದರೆ ಆಯಿತು, ನಡುಮನೆ ಒದ್ದೆಯಾಗಬಾರದು, ಅಷ್ಟೆ.

ಕೊರಿಯಾ ಮಾಡಿದ್ದು ಈ ಜಗಲಿಯನ್ನು ಎತ್ತಿ ಆಕಾಶದಲ್ಲಿ ಇಡುವುದು. ಪ್ರತಿ ಮನೆಗೂ ಕಟ್ಟಡದ ಮೂಲೆಯಲ್ಲಿ ಎರಡು ಮಹಡಿ ಎತ್ತರದ ತೆರೆದ ತೋಟದ ಟೆರೇಸು. ರಸ್ತೆಯಿಂದ ಕಾಣುವ ಆ ಕತ್ತರಿಸಿದಂಥ ಮೂಲೆಗಳು ಅವೇ. ಮೊದಲು ಟೆರೇಸು, ಅದರ ಹಿಂದೆ ಕೋಣೆ. ಬಿಸಿಲು ಟೆರೇಸಿನಲ್ಲೇ ಸೋಲುತ್ತದೆ, ಮಳೆ ಅಲ್ಲೇ ನಿಲ್ಲುತ್ತದೆ, ಗಾಳಿ ಮಾತ್ರ ಮುಂದೆ ಹೋಗುತ್ತದೆ. ಮನೆಗಳು ಕಟ್ಟಡದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಹಾದುಹೋಗುವುದರಿಂದ ಪಶ್ಚಿಮದಲ್ಲಿ ಹೊಕ್ಕ ಗಾಳಿ ಪೂರ್ವದಲ್ಲಿ ಹೊರಗೆ ಹೋಗುತ್ತದೆ. ಮೂರರಿಂದ ಆರು ಮಲಗುವ ಕೋಣೆಗಳ ನಾಲ್ಕು ಬಗೆಯ ಮನೆಗಳನ್ನು ಒಂದರೊಳಗೊಂದು ಹೆಣೆದಿದ್ದಾರೆ. ನೆಲದ ಮಟ್ಟದಲ್ಲೂ ಸಣ್ಣ ಸಣ್ಣ ಏರಿಳಿತ, ಹಳೆಯ ಮನೆಯಲ್ಲಿ ಜಗಲಿಯಿಂದ ನಡುಮನೆಗೆ ಒಂದು ಮೆಟ್ಟಿಲು ಇರುವಂತೆ.

ಇದನ್ನು ನಿಲ್ಲಿಸಿದ ಬಗೆಯನ್ನೂ ಹೇಳಬೇಕು. ಕಟ್ಟಡದ ತಳ 21 ಮೀಟರ್ ಚೌಕ. ಎತ್ತರ ಅದರ ನಾಲ್ಕು ಪಟ್ಟು. ಮೂಲೆಗಳು ಖಾಲಿಯಾದರೆ ಭಾರ ಹೊರುವವರಾರು, ಗಾಳಿಗೆ ಎದುರು ನಿಲ್ಲುವವರಾರು? ರಚನೆಯ ಎಂಜಿನಿಯರ್ ಶಿರೀಶ್ ಪಟೇಲ್. ಕಟ್ಟಡದ ನಡುವೆ ಗಟ್ಟಿ ಕಾಂಕ್ರೀಟ್ ಗೋಡೆಗಳ ಒಂದು ಕಂಬದಂಥ ಭಾಗವಿದೆ, ಅಡ್ಡಗಾಳಿಯ ಒತ್ತಡವನ್ನು ಮುಖ್ಯವಾಗಿ ತಡೆಯುವುದು ಅದು. ಅದನ್ನು ಸ್ಲಿಪ್‌ಫಾರ್ಮ್ ವಿಧಾನದಲ್ಲಿ ಕಟ್ಟಿದರು. ಕಾಂಕ್ರೀಟು ಗಟ್ಟಿಯಾಗುತ್ತ ಬಂದಂತೆ ಅಚ್ಚು ನಿಧಾನವಾಗಿ ಮೇಲೆ ಜಾರುತ್ತ ಹೋಗುತ್ತದೆ. ಟೆರೇಸುಗಳು ಹೊರಗೆ ಚಾಚಿ ನಿಂತಿವೆ, ಮೂಲೆಯಲ್ಲಿ ಕಂಬವಿಲ್ಲ. ಮಾವನಿಗೆ ಆಕಾಶದಲ್ಲಿ ಜಗಲಿ ಕಂಡದ್ದರ ಹಿಂದೆ ಇಷ್ಟು ಲೆಕ್ಕಾಚಾರ ಇತ್ತು.

ಹಾಗಾದರೆ ಮಾವನ ಮೊದಲ ಪ್ರಶ್ನೆಗೆ ಉತ್ತರ: ಹೌದು, ಇರಚಲು ಬರುತ್ತದೆ. ಬರಲಿ ಎಂದೇ ಆ ಜಗಲಿ ಇರುವುದು.

ಸುಲಭದ ತೀರ್ಪು

ಇಲ್ಲಿಗೆ ನಿಲ್ಲಿಸಿದರೆ ತೀರ್ಪು ಸುಲಭ. ಒಂದು ಕಟ್ಟಡ ನೆಲದ ಗುಣ ಅರಿತದ್ದು, ಇನ್ನೊಂದು ಎರವಲು ತಂದದ್ದು. ವಾಸ್ತುಶಿಲ್ಪದ ಪುಸ್ತಕಗಳು ಕಾಂಚನಜುಂಗಾವನ್ನು ಎತ್ತಿ ಹಿಡಿಯುತ್ತವೆ, ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ.

ಆದರೆ 32 ಎಂಬ ಅಂಕಿ ನನ್ನನ್ನು ಬಿಡುವುದಿಲ್ಲ. 28 ಮಹಡಿ, 32 ಮನೆ. ಬೊಂಬಾಯಿಯ ಹವೆಗೆ ತಕ್ಕ ಎತ್ತರದ ಮನೆ ಹೇಗಿರಬೇಕೆಂಬ ಪ್ರಶ್ನೆಗೆ ಆ ಕಾಲದ ಅತ್ಯುತ್ತಮ ಉತ್ತರ ಸಿಕ್ಕಿದ್ದು ನಗರದ ಅತಿ ದುಬಾರಿ ಗುಡ್ಡದ ಮೇಲೆ, 32 ಕುಟುಂಬಗಳಿಗೆ. ಉಳಿದ 60 ಲಕ್ಷ ಜನ ಚಾಳುಗಳಲ್ಲಿ, ಜೋಪಡಿಗಳಲ್ಲಿ, ಉಪನಗರದ ಒಂದೂವರೆ ಕೋಣೆಗಳಲ್ಲಿ ಇದ್ದರು. ಚಾಳಿನ ಉದ್ದನೆಯ ಪಡಸಾಲೆಯೂ ಒಂದು ಜಗಲಿಯೇ, ನಿಜ. ಆದರೆ ಅದನ್ನು ಹತ್ತು ಮನೆಯವರು ಹಂಚಿಕೊಳ್ಳಬೇಕಿತ್ತು.

ಅತ್ತ ಏರ್ ಇಂಡಿಯಾ ಕಟ್ಟಡದ ಕಿಟಕಿ ತೆರೆಯುವ ಪ್ರಸಂಗ ಇರಲಿಲ್ಲ, ಆದರೆ ಬಾಗಿಲು ತೆರೆದಿತ್ತು. ಟಿಕೆಟು ಬೇಕಾದವರು, ಸಂದರ್ಶನಕ್ಕೆ ಬಂದವರು, ಕಡತ ಹೊತ್ತ ಪ್ಯೂನ್‌ಗಳು, ಫೋರ್ಟಿನ ಉಡುಪಿ ಹೋಟೆಲುಗಳಲ್ಲಿ ಊಟ ಮುಗಿಸಿ ಓಡುವ ಗುಮಾಸ್ತರು. ಊರಿನ ಬದುಕಿಗೆ ಅದು ಎಷ್ಟು ಹೆಣೆದುಕೊಂಡಿತ್ತೆಂದರೆ ಅದರ ಗಾಯವೂ ಊರಿನ ಗಾಯವಾಯಿತು. 1993ರ ಮಾರ್ಚ್ 12ರ ಮಧ್ಯಾಹ್ನ ನಗರವನ್ನು ಸರಣಿ ಸ್ಫೋಟಗಳು ಸೀಳಿದಾಗ ಸ್ಟಾಕ್ ಎಕ್ಸ್‌ಚೇಂಜಿನ ನಂತರ ಗುರಿಯಾದ ಜಾಗಗಳಲ್ಲಿ ಇದೂ ಒಂದು. ಅಂದು ಒಟ್ಟು 257 ಜನ ಸತ್ತರು. ಮುಂಬೈಯನ್ನು ನೋಯಿಸಬೇಕೆಂದವರು ಯಾವ ಕಟ್ಟಡಗಳನ್ನು ಆರಿಸಿಕೊಂಡರೆಂಬುದರಲ್ಲೇ ಆ ಕಟ್ಟಡಗಳ ಸ್ಥಾನ ತಿಳಿಯುತ್ತದೆ.

ಅಂದರೆ ಹೇಗೆ ಕಟ್ಟಬೇಕು ಎಂಬುದನ್ನು ಒಂದು ಕಟ್ಟಡ ಸರಿಯಾಗಿ ಹೇಳಿತು, ಯಾರಿಗೆ ಎಂಬುದರಲ್ಲಿ ಸಣ್ಣದಾಯಿತು. ಇನ್ನೊಂದು ಸಾವಿರಾರು ಜನರನ್ನು ಒಳಗೊಂಡಿತು, ಹೇಗೆ ಎಂಬುದನ್ನು ಯೋಚಿಸಲಿಲ್ಲ. ಇವೆರಡರ ನಡುವೆ ಇನ್ನೊಂದು ಪ್ರಶ್ನೆ ಇದೆ. ಎಲ್ಲಿ?

ಎಲ್ಲಿ ಎಂಬ ಪ್ರಶ್ನೆ

ಇದನ್ನು ಕೇಳಿದವರಲ್ಲಿ ಕಾಂಚನಜುಂಗಾದ ಇಬ್ಬರೂ ಇದ್ದರು ಎಂಬುದು ಈ ಕಥೆಯ ತಿರುವು. 1965ರಲ್ಲಿ ಚಾರ್ಲ್ಸ್ ಕೊರಿಯಾ, ಶಿರೀಶ್ ಪಟೇಲ್ ಮತ್ತು ವಾಸ್ತುಶಿಲ್ಪಿ ಪ್ರವೀಣಾ ಮೆಹ್ತಾ ಸೇರಿ ಒಂದು ಯೋಜನೆ ಮುಂದಿಟ್ಟರು. ಮುಲ್ಕ್ ರಾಜ್ ಆನಂದ್ ಅವರ ಮಾರ್ಗ್ ಪತ್ರಿಕೆ ಅದನ್ನು ಪ್ರಕಟಿಸಿತು. ಅವರ ವಾದ ಸರಳವಾಗಿತ್ತು. ಬೊಂಬಾಯಿ ಉತ್ತರ–ದಕ್ಷಿಣವಾಗಿ ಚಾಚಿದ ಒಂದು ಸಪೂರ ದ್ವೀಪ. ಕಚೇರಿಗಳೆಲ್ಲ ದಕ್ಷಿಣದ ತುದಿಯಲ್ಲಿ, ಜನ ವಾಸಿಸುವುದು ಉತ್ತರದಲ್ಲಿ. ಬೆಳಿಗ್ಗೆ ಇಡೀ ಊರು ದಕ್ಷಿಣಕ್ಕೆ ಓಡುತ್ತದೆ, ಸಂಜೆ ಉತ್ತರಕ್ಕೆ. ದಕ್ಷಿಣದ ತುದಿಯಲ್ಲಿ ಇನ್ನಷ್ಟು ಕಚೇರಿ ಕಟ್ಟುತ್ತ ಹೋದರೆ ಈ ಓಟಕ್ಕೆ ಕೊನೆಯಿಲ್ಲ. ಬದಲಿಗೆ ಬಂದರಿನ ಆಚೆ, ಮುಖ್ಯ ಭೂಮಿಯಲ್ಲಿ ಹೊಸ ನಗರ ಕಟ್ಟಿ, ಸರ್ಕಾರಿ ಕಚೇರಿಗಳನ್ನೇ ಅಲ್ಲಿಗೆ ಒಯ್ಯಿರಿ, ಉಳಿದವರು ಹಿಂಬಾಲಿಸುತ್ತಾರೆ.

ಸರ್ಕಾರ ಒಪ್ಪಿತು, ತನ್ನದೇ ರೀತಿಯಲ್ಲಿ. 1970ರ ಮಾರ್ಚ್‌ನಲ್ಲಿ ಸಿಡ್ಕೋ ಸ್ಥಾಪನೆಯಾಯಿತು. ನವಿ ಮುಂಬೈ ಎಂದು ನಾವು ಕರೆಯುವ ನಗರ ಹುಟ್ಟಿದ್ದು ಹಾಗೆ. ಮೊದಲ ವರ್ಷಗಳಲ್ಲಿ ಕೊರಿಯಾ ಅದರ ಮುಖ್ಯ ವಾಸ್ತುಶಿಲ್ಪಿ. ಯೋಜನೆ ಮತ್ತು ಕಾಮಗಾರಿಯ ಹೊಣೆ ಶಿರೀಶ್ ಪಟೇಲರದು. ಅದೇ 1970ರಲ್ಲಿ ಕಾಂಚನಜುಂಗಾದ ಕೆಲಸ ಶುರು. ಆದರೆ ಅದೇ ಸಮಯದಲ್ಲಿ, ಅದೇ ಸರ್ಕಾರದ ಕೈಕೆಳಗೆ, ನರಿಮನ್ ಪಾಯಿಂಟಿನಲ್ಲಿ ಕಡಲಿಗೆ ಮಣ್ಣು ಬೀಳುವುದು ನಿಲ್ಲಲಿಲ್ಲ. ಒಂದು ಕೈ ಕಚೇರಿಗಳನ್ನು ಆಚೆ ದಡಕ್ಕೆ ಕರೆಯುತ್ತಿತ್ತು, ಇನ್ನೊಂದು ಕೈ ದಕ್ಷಿಣದ ತುದಿಯಲ್ಲೇ ಹೊಸ ಕುರ್ಚಿ ಹಾಕಿ ಕೊಡುತ್ತಿತ್ತು. ಯಾವ ಕೈ ಗೆದ್ದಿತೆಂದು ಹೇಳಬೇಕಿಲ್ಲ.

ಸಚಿವಾಲಯ ಆಚೆ ದಡಕ್ಕೆ ಹೋಗಲೇ ಇಲ್ಲ. ಅದಕ್ಕೆ ಇಂದಿನ ಹೆಸರು ಮಂತ್ರಾಲಯ. ಊರಿನಿಂದ ಹೊಸದಾಗಿ ಬಂದ ಕನ್ನಡಿಗರು ಆ ಹೆಸರು ಕೇಳಿ ಒಮ್ಮೆಯಾದರೂ ರಾಯರನ್ನು ನೆನೆಯುತ್ತಾರೆ. ನರಿಮನ್ ಪಾಯಿಂಟಿನಿಂದ ಕೆಲವೇ ನಿಮಿಷದ ನಡಿಗೆ. ಠಾಣೆ ಖಾರಿಗೆ ರಸ್ತೆ ಸೇತುವೆ 1973ರಲ್ಲಿ ಬಂತು, ಆದರೆ ವಾಶಿಗೆ ಲೋಕಲ್ ರೈಲು ಬರಲು 1992 ಆಗಬೇಕಾಯಿತು. ರೈಲಿಲ್ಲದ ಊರಿಗೆ ಕಚೇರಿ ಬರುವುದಿಲ್ಲ, ಕಚೇರಿ ಇಲ್ಲದ ಊರಿಗೆ ರೈಲಿನ ಅವಸರ ಇಲ್ಲ. ಇತ್ತ ನರಿಮನ್ ಪಾಯಿಂಟ್ ಮಾತ್ರ ಬೆಳೆಯುತ್ತ ಹೋಗಿ 1990ರ ದಶಕದ ಮಧ್ಯದಲ್ಲಿ ಜಗತ್ತಿನ ಅತಿ ದುಬಾರಿ ಬಾಡಿಗೆಯ ಕಚೇರಿ ಪ್ರದೇಶಗಳ ಸಾಲಿಗೆ ಸೇರಿತು.

ಅದರ ಬೆಲೆಯನ್ನು ಬಾಡಿಗೆಯ ರೂಪದಲ್ಲಿ ಕೊಟ್ಟವರು ಕಂಪನಿಗಳು. ಸಮಯದ ರೂಪದಲ್ಲಿ ಕೊಟ್ಟವರು ನಾವು. ವಿರಾರಿನಿಂದ ಚರ್ಚ್‌ಗೇಟಿಗೆ 60 ಕಿಲೋಮೀಟರು. ದಿನಕ್ಕೆ ಮೂರು ತಾಸು ರೈಲಿನಲ್ಲಿ ನಿಂತು ಕಳೆದ ಒಬ್ಬ ಗುಮಾಸ್ತನ ಮೂವತ್ತು ವರ್ಷದ ನೌಕರಿಯನ್ನು ಲೆಕ್ಕ ಹಾಕಿ ನೋಡಿ. ವರ್ಷಕ್ಕೆ 290 ದಿನವೆಂದರೂ ಸುಮಾರು 26,000 ತಾಸು. ಹಗಲು–ರಾತ್ರಿ ಸೇರಿಸಿ ಎಣಿಸಿದರೆ ಮೂರು ವರ್ಷ. ಈ ಮೂರು ವರ್ಷ ಯಾವ ಕಟ್ಟಡದ ಖರ್ಚಿನ ಪಟ್ಟಿಯಲ್ಲೂ ಬರೆದಿರುವುದಿಲ್ಲ.

ಏರ್ ಇಂಡಿಯಾ ಕಟ್ಟಡದ ದೊಡ್ಡ ದೋಷ ಅದರ ಕಿಟಕಿಯಲ್ಲಿಲ್ಲ, ಅದು ನಿಂತ ಜಾಗದಲ್ಲಿದೆ ಎಂದು ನನಗೆ ಈಗ ಅನ್ನಿಸುತ್ತದೆ. ಅದೇ ಕಟ್ಟಡ, ಅದೇ ನಕ್ಷೆ, ಬೇಲಾಪುರದಲ್ಲಿ ಎದ್ದಿದ್ದರೆ ನಮ್ಮ ಮುಂಬೈ ಬೇರೆಯದೇ ಆಗಿರುತ್ತಿತ್ತು.

ನೆಲಕ್ಕಿಳಿದ ಜಗಲಿ

ಬೇಲಾಪುರದ ಹೆಸರು ಬಂದದ್ದರಿಂದ ಅಲ್ಲಿಯ ಒಂದು ಸಂಗತಿ ಹೇಳಬೇಕು. ಕಾಂಚನಜುಂಗಾ ಮುಗಿದ ವರ್ಷವೇ, 1983ರಲ್ಲಿ, ಕೊರಿಯಾ ಸಿಡ್ಕೋಗಾಗಿ ಅಲ್ಲಿ ಒಂದು ವಸತಿ ಯೋಜನೆ ಆರಂಭಿಸಿದರು. ಈಗ ಅದನ್ನು ಆರ್ಟಿಸ್ಟ್ಸ್ ವಿಲೇಜ್ ಎನ್ನುತ್ತಾರೆ. 5.4 ಹೆಕ್ಟೇರಿನಲ್ಲಿ ಸುಮಾರು 550 ಕುಟುಂಬಗಳಿಗೆ ತಗ್ಗಿನ ಮನೆಗಳು. ಏಳು ಮನೆಗೆ ಒಂದು ಅಂಗಳ, ಅಂಥ ಮೂರು ಗುಂಪು ಸೇರಿ ಇನ್ನೊಂದು ದೊಡ್ಡ ಅಂಗಳ. ಪಕ್ಕದ ಮನೆಯ ಜತೆ ಗೋಡೆ ಹಂಚಿಕೊಳ್ಳಬೇಕಿಲ್ಲ. ಆದಾಯ ಬೆಳೆದಂತೆ ಮನೆಯನ್ನೂ ಬೆಳೆಸಿಕೊಳ್ಳಬಹುದು.

ಗುಡ್ಡದ ಮೇಲಿನ 32 ಮನೆಗಳಿಗೆ ಸಿಕ್ಕ ಅದೇ ತಿಳಿವು ಇಲ್ಲಿ ನೆಲಕ್ಕಿಳಿಯಿತು. ತೆರೆದ ಆಕಾಶವೂ ಒಂದು ಕೋಣೆಯೇ, ನಮ್ಮ ಹವೆಯಲ್ಲಿ ಅದು ಬಡವರಿಗೂ ಸಿಗಬಹುದಾದ ಕೋಣೆ ಎಂಬ ತಿಳಿವು. ನಾನು ನೆರೂಳಿನಲ್ಲಿ ಇರುವುದರಿಂದ ಆಗಾಗ ಅಲ್ಲಿ ಹೋಗಿ ಬರುತ್ತೇನೆ. ಎಷ್ಟೋ ಮನೆಗಳನ್ನು ಕೆಡವಿ ಮೂರು–ನಾಲ್ಕು ಅಂತಸ್ತು ಎತ್ತಿದ್ದಾರೆ. ಕೊರಿಯಾ ಬರೆದ ನಕ್ಷೆ ಮಸುಕಾಗಿದೆ. ಆದರೆ ಅಂಗಳಗಳು ಉಳಿದಿವೆ, ಸಂಜೆ ಮಕ್ಕಳು ಅಲ್ಲಿ ಆಡುತ್ತಾರೆ.

ನಮ್ಮಲ್ಲಿ ಬೆಂಗಳೂರಿನವರು ಕೊರಿಯಾ ಅವರ ಕೈಕೆಲಸ ನೋಡಬೇಕೆಂದರೆ ವಿಧಾನಸೌಧದ ಸಮೀಪದ ವಿಶ್ವೇಶ್ವರಯ್ಯ ಕೇಂದ್ರದ ಗೋಪುರಗಳನ್ನು ಇನ್ನೊಮ್ಮೆ ತಲೆಯೆತ್ತಿ ನೋಡಬಹುದು. ಸರ್ಕಾರಿ ಕೆಲಸಕ್ಕೆಂದು ಅಲ್ಲಿ ಅಲೆದವರಿಗೆ ಮೇಲೆ ನೋಡುವ ವ್ಯವಧಾನ ಇದ್ದಿರಲಾರದು.

ಉಳಿದ ಮಾತು

ಏರ್ ಇಂಡಿಯಾ 2013ರಲ್ಲಿ ತನ್ನ ಮುಖ್ಯ ಕಚೇರಿಯನ್ನು ದೆಹಲಿಗೆ ಒಯ್ದಿತು. 2022ರ ಜನವರಿಯಲ್ಲಿ ವಿಮಾನ ಸಂಸ್ಥೆ ಮತ್ತೆ ಟಾಟಾ ಕೈಸೇರಿತು, ಕಟ್ಟಡ ಸೇರಲಿಲ್ಲ. 2024ರ ಮಾರ್ಚ್‌ನಲ್ಲಿ ಅದನ್ನು 1,601 ಕೋಟಿ ರೂಪಾಯಿಗೆ ಮಹಾರಾಷ್ಟ್ರ ಸರ್ಕಾರಕ್ಕೆ ಕೊಡಲು ಕೇಂದ್ರ ಒಪ್ಪಿತು. 2012ರ ಬೆಂಕಿಯಲ್ಲಿ ಸುಟ್ಟ ಮಂತ್ರಾಲಯಕ್ಕೆ ಬಹಳ ವರ್ಷದಿಂದ ಜಾಗ ಸಾಲುತ್ತಿರಲಿಲ್ಲ. ಸರ್ಕಾರಿ ಕಚೇರಿಗಳು ಖಾರಿ ದಾಟಿ ಹೋಗಲಿ ಎಂದು 1965ರಲ್ಲಿ ಮೂವರು ಕೇಳಿಕೊಂಡಿದ್ದರು. ಸುಮಾರು ಅರವತ್ತು ವರ್ಷದ ನಂತರ ಅವು ರಸ್ತೆ ದಾಟಿ ಪಕ್ಕದ ಕಟ್ಟಡಕ್ಕೆ ಹೋಗಲಿವೆ.

ಕಾಂಚನಜುಂಗಾ ಅಲ್ಲೇ ಇದೆ. ಅದರ ಹತ್ತಿರವೇ ಆಲ್ಟಮೌಂಟ್ ರಸ್ತೆಯಲ್ಲಿ 2010ರಲ್ಲಿ ಮುಗಿದ ಆಂಟಿಲಿಯಾ ಇದೆ. ಅದಕ್ಕೆ 27 ಮಹಡಿ, 173 ಮೀಟರ್. ಮಹಡಿ ಒಂದು ಕಡಿಮೆ, ಎತ್ತರ ಎರಡು ಪಟ್ಟು, ಕುಟುಂಬ ಒಂದು. ಒಂದು ಕಾಲಕ್ಕೆ 32 ಎಂಬ ಅಂಕಿ ನನಗೆ ಸಣ್ಣದೆನಿಸಿತ್ತು. ಈಗ ಅದೂ ಉದಾರವಾಗಿ ಕಾಣುವ ಕಾಲ ಬಂದಿದೆ.

ನಾನಿರುವ ಕಟ್ಟಡಕ್ಕೆ 14 ಮಹಡಿ. ಫ್ಲ್ಯಾಟು ಕೊಂಡಾಗ ಪಶ್ಚಿಮಕ್ಕೆ ನಾಲ್ಕು ಅಡಿ ಅಗಲದ ಬಾಲ್ಕನಿ ಇತ್ತು. ಎಲ್ಲರೂ ಮಾಡಿದಂತೆ ನಾವೂ ಅದನ್ನು ಮುಚ್ಚಿ, ಗಾಜಿನ ಕಿಟಕಿ ಕೂರಿಸಿ, ಮಗಳ ಓದಿನ ಮೇಜು ಹಾಕಿದೆವು. ನಾಲ್ಕು ಅಡಿ ಜಾಗ ಗೆದ್ದೆವೆಂದು ಖುಷಿ. ಆಮೇಲೆ ಸಂಜೆಯ ಬಿಸಿಲು ನೇರ ಗಾಜಿಗೆ ಬಡಿಯತೊಡಗಿತು. ಅಲ್ಲಿಗೊಂದು ಎ.ಸಿ. ಬಂತು. ಕಾಂಚನಜುಂಗಾದ ಬಗ್ಗೆ ಇಷ್ಟೆಲ್ಲ ಓದಿದ ನಾನು ಮನೆಯಲ್ಲಿ ಕಟ್ಟಿಕೊಂಡದ್ದು ಏರ್ ಇಂಡಿಯಾ ಕಟ್ಟಡವನ್ನು. ಜಗಲಿ ಎಂದರೆ ವ್ಯರ್ಥ ಜಾಗವೆಂದು ಲೆಕ್ಕ ಹಾಕುವ ಊರಿನಲ್ಲಿ ಬದುಕಿ ನನ್ನ ಲೆಕ್ಕವೂ ಹಾಗೇ ಆಗಿಬಿಟ್ಟಿತ್ತು.

ಆ ಸಲ ಮಾವ ನಮ್ಮಲ್ಲಿ ನಾಲ್ಕು ದಿನ ಇದ್ದರು. ಹೊರಡುವ ಹಿಂದಿನ ಸಂಜೆ ಮಗಳ ಮೇಜಿನ ಬಳಿ ನಿಂತು ಗಾಜಿನ ಮೇಲೆ ಬೆರಳಾಡಿಸುತ್ತಿದ್ದರು.

"ಇದು ಮೊದಲು ಜಗಲಿ ಆಗಿತ್ತಲ್ವಾ?" ಎಂದರು.

"ಹೌದು ಮಾವ" ಎಂದೆ. ಅವರು ಚಿಲಕ ಹುಡುಕಿ ಗಾಜನ್ನು ಒಂದು ಬದಿಗೆ ಸರಿಸಿದರು. ಗಾಳಿ ಬಂತು. ಮೇಜಿನ ಮೇಲಿನ ಹಾಳೆಗಳು ಹಾರಿದವು. ಹೆಕ್ಕಲು ನಾವಿಬ್ಬರೂ ಬಗ್ಗಿದೆವು.